ಜೋಡಿಯಿಲ್ಲದ ಪ್ರತ್ಯಾಮ್ಲ ಒಳಗೋ ಹೊರಗೋ?

ಮಡಿಕೇರಿಯಲ್ಲಿ ಜೊತೆಗೂಡಿ ಓದುತ್ತಿರುವ ನಮ್ಮ ಗುಂಪಿನಲ್ಲಿ ಮತ್ತೆ ಮತ್ತೆ ಏಳುವ ಗೊಂದಲವೊಂದಕ್ಕಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಡಿಎನ್‌ಎ ಅಥವಾ ಆರ್‌ಎನ್‌ಎ ಜೋಡಿಸುರುಳಿಯ ಒಂದು ಎಳೆಯಲ್ಲಿ ಎದುರು ಜೊತೆಯಿಲ್ಲದ ಪ್ರತ್ಯಾಮ್ಲ (ಬೇಸ್, ಅಂದರೆ ಎಳೆಯ ಅನುಕ್ರಮದ ಒಂದು ಅಕ್ಷರ) ಉಳಿದರೆ ಅದನ್ನು ಬಲ್ಜ್ (ಉಬ್ಬು) ಎನ್ನುತ್ತಾರೆ. ಅದು ಸುರುಳಿಯೊಳಗೆ ತೂರಿರುತ್ತದೋ ಹೊರಕ್ಕೆ ಚಾಚಿರುತ್ತದೋ ಎಂಬುದೇ ನಮ್ಮ ಗೊಂದಲ. ನಮ್ಮ ತೋಟಗಳಲ್ಲಿ ಕರಿಮೆಣಸು ಕುಯ್ಯಲು ಬಳಸುವ ಏಣಿಗೆ ಎರಡು ಗಳುಗಳಿದ್ದು, ಅವುಗಳಲ್ಲಿ ಒಂದಕ್ಕೆ ಮಾತ್ರ ಅರ್ಧ ಮೆಟ್ಟಿಲು ಹೆಚ್ಚಾಗಿದೆ ಎಂದುಕೊಳ್ಳಿ. ಆ ತುಂಡು ಮೆಟ್ಟಿಲುಗಳ ನಡುವೆ ತೂರಿದರೆ ಏಣಿ ಬಾಗಬೇಕು. ಹೊರಕ್ಕೆ ಚಾಚಿದರೆ ಮೇಲಿನ ಮತ್ತು ಕೆಳಗಿನ ಮೆಟ್ಟಿಲುಗಳು ಹತ್ತಿರವೇ ಉಳಿಯಬಹುದು.

ಈ ಎರಡೂ ಸಾಧ್ಯತೆಗಳು ಒಂದೇ ಅನುಕ್ರಮದಲ್ಲಿ ಕಂಡಿರುವುದೇ ಇಲ್ಲಿಯ ಮುಖ್ಯ ಸಂಗತಿ. ಸಿಜಿಸಿಎಜಿಎಎಟಿಟಿಸಿಜಿಸಿಜಿ ಎಂಬ 13 ಪ್ರತ್ಯಾಮ್ಲಗಳ ಡಿಎನ್‌ಎ ತುಣುಕಿನಲ್ಲಿ ನಾಲ್ಕನೆಯ ಸ್ಥಾನದ ಅಡೆನಿನ್ (ಎ) ಹೆಚ್ಚಿನದು. ಅದನ್ನು ತೆಗೆದರೆ ಪ್ರಸಿದ್ಧವಾದ 12 ಪ್ರತ್ಯಾಮ್ಲಗಳ ತುಣುಕು ಉಳಿಯುತ್ತದೆ. ಎರಡೂ ಎಳೆಗಳ ಅನುಕ್ರಮ ಒಂದೇ ಆದ್ದರಿಂದ ಒಂದು ಸುರುಳಿಗೆ ಎರಡು ಬಲ್ಜ್‌ಗಳು. 1982ರಲ್ಲಿ ಪ್ರಕಟವಾದ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಂಕೇತಗಳಿಂದ ರಚನೆ ತಿಳಿಯುವ ವಿಧಾನ) ಅಧ್ಯಯನದಲ್ಲಿ, ಅಂದರೆ ದ್ರಾವಣದಲ್ಲಿ, ಆ ಅಡೆನಿನ್ ಸುರುಳಿಯೊಳಗೆ, ಮೇಲಿನ ಮತ್ತು ಕೆಳಗಿನ ಪ್ರತ್ಯಾಮ್ಲಗಳ ನಡುವೆ ಅಟ್ಟಿಯಾಗಿ ಕೂತಿತ್ತು. 1988ರ ಎಕ್ಸ್-ರೇ ಸ್ಫಟಿಕ ರಚನೆಯಲ್ಲಿ ಅದು ಹೊರಕ್ಕೆ ತಿರುಗಿತ್ತು. ಎರಡರಲ್ಲಿ ಒಂದು ತಪ್ಪೆಂದು ತೀರ್ಮಾನಿಸುವುದು ಸರಿಯಲ್ಲ. ಸ್ಫಟಿಕದಲ್ಲಿ ಅಣುಗಳು ಒತ್ತೊತ್ತಾಗಿರುವುದರಿಂದ ಹೊರಬಂದ ಪ್ರತ್ಯಾಮ್ಲಕ್ಕೆ ನೆರೆಯ ಅಣುವಿನ ಆಸರೆ ಸಿಗಬಹುದು. ಆದ್ದರಿಂದ ಅಣುರಚನೆಗಳ ಸಾರ್ವಜನಿಕ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ ಇಂಥ ರಚನೆಯನ್ನು ತೆರೆದಾಗ, ಸ್ಫಟಿಕದ ಸಮಮಿತಿಯಿಂದ, ಅಂದರೆ ಒಂದೇ ಅಣು ಕ್ರಮವಾಗಿ ಮರುಕಳಿಸುವುದರಿಂದ, ಮೂಡುವ ನೆರೆಯ ಅಣುಗಳನ್ನೂ ತೆರೆದು, ಹೊರಚಾಚಿದ ಪ್ರತ್ಯಾಮ್ಲ ಯಾವುದನ್ನು ಮುಟ್ಟುತ್ತಿದೆ ಎಂದು ನೋಡಲೇಬೇಕು. ನನ್ನ ಮಟ್ಟಿಗೆ ಇದನ್ನು ಬಿಟ್ಟು ಓದಿದ ಸ್ಫಟಿಕ ರಚನೆ ಅರ್ಧ ಓದಿದಂತೆ.

ಲೋಹದ ಅಯಾನುಗಳ ಪಾತ್ರವೂ ಇದೆ. ಎಚ್‌ಐವಿಯ ಆರ್‌ಎನ್‌ಎಯ ಟಾರ್ ಎಂಬ ಭಾಗದಲ್ಲಿ ಯುಸಿಯು ಎಂಬ ಮೂರು ಪ್ರತ್ಯಾಮ್ಲಗಳ ಬಲ್ಜ್ ಇದ್ದು, 1998ರಲ್ಲಿ 1.3 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಸ್ಪಷ್ಟತೆಯಲ್ಲಿ ಬಿಡಿಸಿದ ರಚನೆಯು ಆ ಬಲ್ಜ್‌ನ ಆಕಾರ ಕ್ಯಾಲ್ಸಿಯಂ ಅಯಾನುಗಳನ್ನು ಅವಲಂಬಿಸಿದೆಯೆಂದು ತೋರಿಸಿತು.

ಬಲ್ಜ್ ಎಂದರೆ ಕೇವಲ ದೋಷ ಎಂಬ ಭಾವನೆಯನ್ನು ಬಿಡಿಸಲು ನಾನು ಆರಿಸುವ ಉದಾಹರಣೆ ಆರ್‌ಎನ್‌ಎ ಸ್ಪ್ಲೈಸಿಂಗ್, ಅಂದರೆ ಆರ್‌ಎನ್‌ಎಯ ನಡುವಿನ ಇಂಟ್ರಾನ್ ಎಂಬ ತುಂಡನ್ನು ಕತ್ತರಿಸಿ ತೆಗೆದು ಉಳಿದ ಭಾಗಗಳನ್ನು ಬೆಸೆಯುವ ಕ್ರಿಯೆ. ಅಲ್ಲಿ ಈ ಕೆಲಸಕ್ಕೆ ನೆರವಾಗುವ ಯು2 ಎಂಬ ಚಿಕ್ಕ ಆರ್‌ಎನ್‌ಎ ಇಂಟ್ರಾನಿನೊಡನೆ ಜೋಡಿಯಾಗುವಾಗ ಇಂಟ್ರಾನಿನೊಳಗಿನ ಕವಲುಬಿಂದು ಎಂಬ ಸ್ಥಾನದ ಅಡೆನೊಸಿನ್ (ಅಡೆನಿನ್ ಮತ್ತು ಸಕ್ಕರೆ ಸೇರಿದ ಘಟಕ) ಒಂದೇ ಜೊತೆಯಿಲ್ಲದೆ ಉಳಿಯುತ್ತದೆ, ಮತ್ತು ಅದರ ಸಕ್ಕರೆಯ 2ನೆಯ ಇಂಗಾಲದಲ್ಲಿರುವ ಹೈಡ್ರಾಕ್ಸಿಲ್ ಗುಂಪೇ ಇಂಟ್ರಾನಿನ ಆರಂಭದ ತುದಿಯ ಫಾಸ್ಫೇಟಿನ ಮೇಲೆರಗಿ ಮೊದಲ ಕಡಿತವನ್ನು ಮಾಡುತ್ತದೆ.