ಮಾಗಿ ಚಳಿಗೆ ಕುಂಡದ ನಿಂಬೆ ಹಳದಿಯಾದರೆ ಗೊಬ್ಬರ ಹಾಕಬೇಕೆ?

ಪ್ರಶ್ನೆ: ನಮ್ಮದು ಮೈಸೂರು. ತಾರಸಿ ಮೇಲೆ ಕುಂಡದಲ್ಲಿ ನಿಂಬೆಗಿಡ ಇದೆ. ಡಿಸೆಂಬರ್ ಬಂತೆಂದರೆ ಎಲೆ ಹಳದಿಯಾಗಿ ಉದುರುತ್ತದೆ. ಗಿಡಕ್ಕೆ ಏನಾದರೂ ಹೊದಿಸಬೇಕೆ? ಯೂರಿಯಾ ಹಾಕಿದರೆ ಸರಿಹೋಗುತ್ತದೆಯೆ?

ಹೊದಿಕೆ ಬೇಕಿಲ್ಲ. ಯೂರಿಯಾವಂತೂ ಈಗ ಬೇಡವೇ ಬೇಡ.

ನಿಂಬೆಯ ಚಿಗುರು ಚಳಿಗೆ ಕರಕಲಾಗುವುದು ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ. ಮೈಸೂರಿನ ಜನವರಿ ರಾತ್ರಿ ಸಾಮಾನ್ಯವಾಗಿ 16 ಡಿಗ್ರಿ ಆಸುಪಾಸು, ತೀರಾ ಚಳಿಯಿದ್ದರೆ 12ರ ಹತ್ತಿರ. ಇದರಿಂದ ಎಲೆಗೆ ಪೆಟ್ಟಿಲ್ಲ, ಕಷ್ಟವೆಲ್ಲ ಬೇರಿಗೆ. ಸುಮಾರು 13 ಡಿಗ್ರಿಗಿಂತ ಕೆಳಗೆ ನಿಂಬೆ ಜಾತಿಯ ಬೆಳವಣಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಬೇರು ನೀರನ್ನೂ ಸಾರಜನಕವನ್ನೂ (ಯೂರಿಯಾ ಕೊಡುವುದು ಇದನ್ನೇ) ಎಳೆಯುವುದು ನಿಧಾನವಾಗುತ್ತದೆ. ನೆಲದ ಮಣ್ಣು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಕುಂಡದ್ದು ಸುತ್ತಲಿಂದಲೂ ತಣ್ಣಗಾಗುತ್ತದೆ. ಆಗ ಬಲಿತ ಎಲೆಯ ನಡುನರ ಹಳದಿಯಾಗಿ ಅಂಚು ಹಸಿರಾಗಿಯೇ ಉಳಿದರೆ ಅದು ಚಳಿಯ ಗುರುತು. ಹೊಸ ಎಲೆ ಸಣ್ಣದಾಗಿ, ನರ ಹಸಿರು, ನಡುವೆ ಹಳದಿ ಮಚ್ಚೆ ಇದ್ದರೆ ಅದು ಸತುವಿನ ಕೊರತೆ.

ಎಲೆ ಉದುರಿಸುವುದು ಬಹುತೇಕ ನೀರು. ಬೇಸಿಗೆಯ ಹಾಗೆ ದಿನಾ ಹಾಕಿದರೆ ತಣ್ಣನೆಯ ಮಣ್ಣು ಆರುವುದಿಲ್ಲ, ಬೇರಿಗೆ ಗಾಳಿ ಸಿಗದೆ ಕೊಳೆರೋಗ ಹತ್ತುತ್ತದೆ. ಮಂಡ್ಯದ ನಾಲೆ ಬಯಲಲ್ಲಿ ಗದ್ದೆ ಪಕ್ಕದ ನಿಂಬೆ ಹಳದಿಯಾದರೂ ಮೊದಲು ನೋಡಬೇಕಾದ್ದು ಬಸಿಗಾಲುವೆ.

ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ. ಒಣಗಿದ್ದರೆ ಮಾತ್ರ, ಬಿಸಿಲೇರಿದ ಮೇಲೆ, ತಳದ ತೂತಿನಿಂದ ಹರಿಯುವಷ್ಟು ನೀರು ಹಾಕಿ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕುಂಡವನ್ನು ಎರಡು ಇಟ್ಟಿಗೆ ಮೇಲಿಟ್ಟು ಬೆಳಗಿನ ಬಿಸಿಲು ಬೀಳುವ ಕಡೆಗೆ ಸರಿಸಿ. ಈಗ ಕೊಂಬೆ ಸವರಬೇಡಿ.

ಈ ಚಳಿ ಗಿಡಕ್ಕೆ ಬೇಕೂ ಹೌದು. ಕೆಲವು ವಾರ 20 ಡಿಗ್ರಿಗಿಂತ ತಂಪು, ಜೊತೆಗೆ ಸ್ವಲ್ಪ ಒಣ ಮಣ್ಣು ಸಿಕ್ಕರೆ ಹೂಮೊಗ್ಗಿಗೆ ಪ್ರಚೋದನೆ. ಹಾಗೆಂದು ಕುಂಡದ ಗಿಡವನ್ನು ಎಲೆ ಸುರುಳಿ ಸುತ್ತುವವರೆಗೆ ಒಣಗಿಸಬಾರದು.

ಫೆಬ್ರವರಿಯಲ್ಲಿ ಚಿಗುರು ಕಂಡ ಮೇಲೆ ಎರಡು ಹಿಡಿ ಎರೆಗೊಬ್ಬರ ಕೊಡಿ. ಸತುವಿನ ಕೊರತೆ ಇದ್ದರೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಅರಳಿದ ಸುಣ್ಣ ಬೆರೆಸಿ, ಸೋಸಿ, ಅರ್ಧ ಬಿಚ್ಚಿದ ಎಲೆಗಳಿಗೆ ಸಿಂಪಡಿಸಿ. ಸುಣ್ಣ ಬಿಟ್ಟರೆ ಎಳೆಯ ಎಲೆ ಸುಡುತ್ತದೆ.