ಟಾಪ್ ಗೇರಿನ ಮೈಲೇಜು, ಘಟ್ಟದ ಬಿಸಿ: ರೋಲ್ಸ್-ರಾಯ್ಸ್ 40/50 ಕಾರಿನ ರಸ್ತೆ ಪರೀಕ್ಷೆಗಳು

ಹಳೆಯ ಐಷಾರಾಮಿ ಕಾರುಗಳ ಬಗ್ಗೆ ಓದುವಾಗ ಇಂಧನ ಮಿತವ್ಯಯದ ಪರೀಕ್ಷೆಯನ್ನೂ ಎಂಜಿನ್ ತಂಪಾಗಿರುವುದರ ಪರೀಕ್ಷೆಯನ್ನೂ ಒಂದೇ ಎಂದು ಭಾವಿಸುವ ತಪ್ಪನ್ನು ನಾವು ಸುಲಭವಾಗಿ ಮಾಡುತ್ತೇವೆ. ಒಂದರಲ್ಲಿ ಗೆದ್ದ ಕಾರು ಇನ್ನೊಂದರಲ್ಲಿಯೂ ಗೆಲ್ಲುತ್ತದೆ ಎನ್ನಲು ಆಧಾರವಿಲ್ಲ. ಇದನ್ನು ಸಿಲ್ವರ್ ಘೋಸ್ಟ್ ಎಂಬ ಹೆಸರಿನಿಂದ ಪ್ರಸಿದ್ಧವಾದ ರೋಲ್ಸ್-ರಾಯ್ಸ್ 40/50 ಮಾದರಿಯ ಇತಿಹಾಸ ಚೆನ್ನಾಗಿ ತೋರಿಸಿಕೊಡುತ್ತದೆ.

ಮೊದಲು ಇಂಧನದ ವಿಷಯ. ನೇಪಿಯರ್ ಕಂಪನಿಯ ಆರು ಸಿಲಿಂಡರಿನ ಕಾರೊಂದು ಲಂಡನ್ನಿನಿಂದ ಎಡಿನ್‌ಬರೋವರೆಗೆ ಟಾಪ್ ಗೇರಿನಲ್ಲಿಯೇ ಓಡಿ, ಗ್ಯಾಲನ್ನಿಗೆ 19.35 ಮೈಲಿ ಕೊಟ್ಟಿತ್ತು. ಇದಕ್ಕೆ ಉತ್ತರವಾಗಿ 1911ರಲ್ಲಿ ರೋಲ್ಸ್-ರಾಯ್ಸ್ ತನ್ನ 1701ನೆಯ ಸಂಖ್ಯೆಯ ಚಾಸಿಯನ್ನು (ಕಾರಿನ ಮೂಲ ಚೌಕಟ್ಟನ್ನು) ಅದೇ ದಾರಿಗೆ ಇಳಿಸಿತು. ಅರ್ನೆಸ್ಟ್ ಹೈವ್ಸ್ ಓಡಿಸಿದ ಈ ಕಾರು, ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಉಸ್ತುವಾರಿಯಲ್ಲಿ, ಗಂಟೆಗೆ ಸರಾಸರಿ 19.59 ಮೈಲಿ ವೇಗದಲ್ಲಿ ಸಾಗಿ ಗ್ಯಾಲನ್ನಿಗೆ 24.32 ಮೈಲಿ ದಾಖಲಿಸಿತು. ಬ್ರಿಟಿಷ್ ಗ್ಯಾಲನ್ ಸುಮಾರು 4.546 ಲೀಟರ್ ಆದ್ದರಿಂದ ನಮ್ಮ ಲೆಕ್ಕದಲ್ಲಿ ಇದು ಲೀಟರಿಗೆ ಸುಮಾರು 8.6 ಕಿಲೋಮೀಟರ್, ನೇಪಿಯರ್‌ನದು ಸುಮಾರು 6.85. ಏಳು ಲೀಟರಿಗೂ ಹೆಚ್ಚು ಗಾತ್ರದ ಎಂಜಿನ್ನಿಗೆ ಇದು ನಿಜಕ್ಕೂ ಮೆಚ್ಚುವಂಥ ಸಾಧನೆ. ಅದೇ ಕಾರು ಮುಂದೆ ಬ್ರೂಕ್‌ಲ್ಯಾಂಡ್ಸ್ ಎಂಬ ಕಾರು ಓಟದ ಪಥದಲ್ಲಿ ಗಂಟೆಗೆ 78.26 ಮೈಲಿ ವೇಗವನ್ನೂ ಮುಟ್ಟಿತು.

ಟಾಪ್ ಗೇರಿನ ಹಟವೇಕೆ? ಗೇರುಗಳ ವೇಗವನ್ನು ತಾನೇ ಹೊಂದಿಸಿ ಬದಲಾವಣೆಯನ್ನು ಸುಲಭಗೊಳಿಸುವ ಸಿಂಕ್ರೋಮೆಶ್ ಇಲ್ಲದ ಆ ಕಾಲದಲ್ಲಿ ಗೇರ್ ಬದಲಿಸುವುದು ಕೈ ಪಳಗಿದವರ ಕೆಲಸವಾಗಿತ್ತು. ಆದ್ದರಿಂದ ಗೇರ್ ಮುಟ್ಟದೆ ನಿಧಾನವಾಗಿಯೂ ವೇಗವಾಗಿಯೂ ಓಡುವ ಕಾರನ್ನು ಶ್ರೀಮಂತ ಗ್ರಾಹಕರು ಬಯಸುತ್ತಿದ್ದರು. ಆದರೆ ಇದರಲ್ಲಿ ಇಂಧನದ ಲಾಭವೂ ಅಡಗಿದೆ. ಒಂದೇ ವೇಗಕ್ಕೆ ಟಾಪ್ ಗೇರಿನಲ್ಲಿ ಎಂಜಿನ್ ಕಡಿಮೆ ಸುತ್ತುತ್ತದೆ, ಹೀಗಾಗಿ ಘರ್ಷಣೆಯಲ್ಲಿ ವ್ಯರ್ಥವಾಗುವ ಶಕ್ತಿ ತಗ್ಗುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಹೆಚ್ಚು ತೆರೆದಿರುವುದರಿಂದ ಗಾಳಿಯನ್ನು ಒಳಗೆ ಎಳೆದುಕೊಳ್ಳುವ ಶ್ರಮವೂ ಕಡಿಮೆಯಾಗುತ್ತದೆ. ಗಂಟೆಗೆ 20 ಮೈಲಿಯ ಆಸುಪಾಸಿನ ವೇಗದಲ್ಲಿ ಗಾಳಿಯ ಪ್ರತಿರೋಧ ತೀರ ಕಡಿಮೆ ಎಂಬುದನ್ನೂ ಮರೆಯಬಾರದು.

ಈಗ ತಂಪಿನ ವಿಷಯ. ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗದಷ್ಟು ಎಂಜಿನ್ನನ್ನು ತಂಪಾಗಿಡುವ ನೀರಿಗೆ ಬಿಸಿಯಾಗಿ ಸೇರುತ್ತದೆ. ಚಕ್ರಕ್ಕೆ ಸಿಗುವುದು ಅದಕ್ಕಿಂತ ಹೆಚ್ಚೇನಲ್ಲ. ಆದ್ದರಿಂದ ಚಕ್ರಕ್ಕೆ ಎಷ್ಟು ಶಕ್ತಿ ಬೇಕೋ ಕನಿಷ್ಠ ಅಷ್ಟು ಬಿಸಿಯನ್ನು ಆ ನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರ್ ಹೊರಹಾಕಬೇಕು ಎಂದು ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಇಲ್ಲಿನ ಅಂಕಿಗಳು ಅಭ್ಯಾಸಕ್ಕಾಗಿ ನಾನು ಊಹಿಸಿಕೊಂಡವು. ಎರಡು ಟನ್ ತೂಕದ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 32 ಕಿಲೋಮೀಟರ್ ಓಡಲು ಸುಮಾರು 4.5 ಕಿಲೋವ್ಯಾಟ್ ಸಾಕು. ಅದೇ ಕಾರು ಐದಕ್ಕೆ ಒಂದರ (ಐದು ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಮೇಲೇರುವ) ಏರನ್ನು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು 14 ಕಿಲೋವ್ಯಾಟ್ ಬೇಕು. ಬಿಸಿ ಮೂರು ಪಟ್ಟು ಹೆಚ್ಚಿತು, ಆದರೆ ರೇಡಿಯೇಟರಿಗೆ ಎದುರಾಗಿ ನುಗ್ಗುವ ಗಾಳಿ ಅರ್ಧಕ್ಕಿಂತಲೂ ಇಳಿಯಿತು. ತಂಪಿನ ಪರೀಕ್ಷೆಯ ಜೀವಾಳ ಈ ಎರಡು ಸಂಗತಿಗಳಲ್ಲಿದೆ. ರೇಡಿಯೇಟರ್ ಆ ಬಿಸಿಯಲ್ಲಿ ಅರ್ಧವನ್ನು ಮಾತ್ರ ಹೊರಹಾಕಿದರೆ ಉಳಿದ 7 ಕಿಲೋವ್ಯಾಟ್ ನೀರನ್ನು ಆವಿಯಾಗಿಸುತ್ತದೆ, ಅಂದರೆ ನೀರು ಕುದಿಯತೊಡಗಿದ ಮೇಲೆ ಗಂಟೆಗೆ ಸುಮಾರು 11 ಲೀಟರ್ ನೀರು ಹೋಗುತ್ತದೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಹಳೆಯ ಬಸ್ಸುಗಳನ್ನು ನಿಲ್ಲಿಸಿ, ಬಾನೆಟ್ ತೆರೆದು ನೀರು ಹೊಯ್ಯುತ್ತಿದ್ದುದನ್ನು ಕಂಡ ಹಿರಿಯರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

ಎತ್ತರವೂ ಸೇರಿಕೊಳ್ಳುತ್ತದೆ. ಒತ್ತಡ ತಡೆಯುವ ಮುಚ್ಚಳಗಳಿಲ್ಲದ ಆಗಿನ ರೇಡಿಯೇಟರುಗಳಲ್ಲಿ ನೀರು ಹೊರಗಿನ ವಾಯುಭಾರಕ್ಕೆ ತಕ್ಕಂತೆ ಕುದಿಯುತ್ತಿತ್ತು. ಮೇಲೇರಿದ ಪ್ರತಿ 300 ಮೀಟರಿಗೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುವುದರಿಂದ, 1,641 ಮೀಟರ್ ಎತ್ತರದ ಆಸ್ಟ್ರಿಯಾದ ಕಾಟ್ಷ್‌ಬರ್ಗ್ ಕಣಿವೆದಾರಿಯಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ.

ಆಲ್ಪ್ಸ್ ಪರ್ವತದ ರಸ್ತೆಗಳಲ್ಲಿ ನಡೆದ 1912ರ ಆಲ್ಪೈನ್ ಕಾರು ಪಂದ್ಯದಲ್ಲಿ ಜೇಮ್ಸ್ ರ್‍ಯಾಡ್ಲಿಯವರ ಸ್ವಂತ ರೋಲ್ಸ್-ರಾಯ್ಸ್ ಸೋತದ್ದು ಇದೇ ಕಾಟ್ಷ್‌ಬರ್ಗ್ ಏರಿನಲ್ಲಿ. ಅದರ ಗೇರ್‌ಬಾಕ್ಸಿನಲ್ಲಿ ಮೂರೇ ಗೇರುಗಳಿದ್ದವು. ಮೊದಲ ಗೇರು ಕೂಡ ಆ ಏರಿಗೆ ತಕ್ಕಷ್ಟು ಕೆಳಗಿನದಾಗಿರಲಿಲ್ಲ. ಪ್ರಯಾಣಿಕರು ಇಳಿದು ಭಾರ ಕಡಿಮೆಯಾದ ಮೇಲಷ್ಟೇ ಕಾರು ಮುಂದೆ ಸಾಗಿತು. ಲಂಡನ್–ಎಡಿನ್‌ಬರೋ ಓಟದ ಕೀರ್ತಿಗೆ ಇದು ದೊಡ್ಡ ಪೆಟ್ಟಾಗಿ ಕಂಡಿರಬೇಕು. ಆದರೆ ಅಲ್ಲಿಯ ಅಂಕಿ ಸುಳ್ಳಾಗಿರಲಿಲ್ಲ, ಅದು ಬೇರೊಂದು ಪ್ರಶ್ನೆಗೆ ಉತ್ತರವಾಗಿತ್ತು ಅಷ್ಟೇ.

ಕಂಪನಿ ಸೋಲನ್ನು ಗಂಭೀರವಾಗಿ ತೆಗೆದುಕೊಂಡು, 1913ರ ಪಂದ್ಯಕ್ಕೆ ನಾಲ್ಕು ಗೇರಿನ ಗೇರ್‌ಬಾಕ್ಸನ್ನೂ ದೊಡ್ಡ ರೇಡಿಯೇಟರನ್ನೂ ಅಳವಡಿಸಿದ ಕಾರುಗಳನ್ನು ಕಳುಹಿಸಿತು. ಅವು ಆಲ್ಪ್ಸ್ ಏರುಗಳನ್ನು ಸಮರ್ಥವಾಗಿ ಹತ್ತಿದವು. ದೊಡ್ಡ ರೇಡಿಯೇಟರಿನ ಉಪಯೋಗ ಎಲ್ಲರಿಗೂ ಹೊಳೆಯುತ್ತದೆ, ಆದರೆ ಕೆಳಗಿನ ಗೇರು ತಂಪಿಗೂ ನೆರವಾಗುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ನೀರಿನ ಪಂಪೂ ಫ್ಯಾನೂ ತಿರುಗುವುದು ಎಂಜಿನ್ನಿನಿಂದ. ಕಾರು ಅದೇ ನಿಧಾನಗತಿಯಲ್ಲಿ ಹತ್ತುತ್ತಿದ್ದರೂ ಕೆಳಗಿನ ಗೇರಿನಲ್ಲಿ ಎಂಜಿನ್ ಬೇಗ ಸುತ್ತುವುದರಿಂದ ನೀರು ಹೆಚ್ಚು ಹರಿಯುತ್ತದೆ, ರೇಡಿಯೇಟರಿನ ಮೂಲಕ ಗಾಳಿಯೂ ಹೆಚ್ಚು ಹಾಯುತ್ತದೆ.