ತಾಟು ಹಚ್ಚಿಕೊಳ್ಳುವಾಗ ಮಗು ನಿಲ್ಲುವುದೆಲ್ಲಿ?

ವಿಜಯಪುರ ಕಡೆಯ ಒಂದು ಮನೆ ಎಂದುಕೊಳ್ಳಿ. ಎಂಟು ವರ್ಷದ ಹುಡುಗ ತಾನೇ ತಾಟು ಹಚ್ಚಿಕೊಂಡು ಉಣ್ಣಬೇಕು. ರೊಟ್ಟಿ ಬುಟ್ಟಿಯ ತನಕ ಹೋದವನು ಅಲ್ಲೇ ನಿಂತುಬಿಟ್ಟ. ‘ಅವಂಗ ಬರೂದಿಲ್ಲ ಬಿಡ್ರಿ’ ಎನ್ನುತ್ತಾಳೆ ಅಜ್ಜಿ. ನಿಂತದ್ದೇನೋ ನಿಜ, ಯಾಕೆ ನಿಂತ? ಬೆರಳು ಚಾಚಲಾರದೆಯೋ, ದಣಿದೋ, ಮುಂದೇನು ಮಾಡಬೇಕೆಂದು ತೋಚದೆಯೋ? ಚಯಾಪಚಯದ, ಅಂದರೆ ತಿಂದದ್ದನ್ನು ದೇಹ ಒಡೆದು ಬಳಸಿಕೊಳ್ಳುವ ಕ್ರಿಯೆಯ, ಅಪರೂಪದ ಕಾಯಿಲೆಗಳಲ್ಲಿ ಈ ಮೂರೂ ಸಾಧ್ಯ. ಮೂರಕ್ಕೂ ಮಾಡಬೇಕಾದದ್ದು ಮಾತ್ರ ಬೇರೆ ಬೇರೆ.

ಈ ಕಾಯಿಲೆಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ: ದೇಹಕ್ಕೆ ಬೇಕಾದ ಯಾವುದೋ ಒಂದು ಕಿಣ್ವ ಹುಟ್ಟಿನಿಂದಲೇ ಇಲ್ಲ, ಅಥವಾ ಸಾಲದು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವ ನಮ್ಮ ಸೀಮೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ದೋಷದ ವಾಹಕರಾಗಿರುವ (ತಮಗೆ ಕಾಯಿಲೆ ಇಲ್ಲದೆ ದೋಷವನ್ನಷ್ಟೇ ಹೊತ್ತಿರುವ) ಸಂಭವ ಹೆಚ್ಚು. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%.

ಮಗುವಿನ ದಿನನಿತ್ಯದ ಕೆಲಸ ಅಳೆಯಲು ಆಸ್ಪತ್ರೆಗಳಲ್ಲಿ ಬಳಸುವ ಅಳತೆಗಳಲ್ಲಿ ‘ವೀಫಿಮ್’ ಒಂದು. ಅದರಲ್ಲಿ 18 ಅಂಶ, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಒಟ್ಟು 18ರಿಂದ 126. ಪೂರ್ತಿ ಇನ್ನೊಬ್ಬರ ಮೇಲೆ ಬಿದ್ದಿದ್ದರೆ 1, ಯಾರ ನೆರವೂ ಇಲ್ಲದೆ ಹೊತ್ತಿಗೆ ಸರಿಯಾಗಿ ಮುಗಿಸಿದರೆ 7. ನೆರವು ಎಷ್ಟು ಬೇಕು ಎಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಏಕೆ ಬೇಕು ಎಂಬುದು ತಿಳಿಯುವುದಿಲ್ಲ. ಕೀಲು ಬಿಗಿದ ಮಗುವಿಗೂ ಮರೆಯುವ ಮಗುವಿಗೂ ಅದೇ 4 ಅಂಕ ಬರಬಹುದು.

ಆಸ್ಟ್ರೇಲಿಯಾದ ಕ್ರಿಸ್ ಚಪಾರೊ ಮತ್ತು ಜೂಡಿ ರಾಂಕಾ ರೂಪಿಸಿದ ‘ಪಿಆರ್‌ಪಿಪಿ’ ಪದ್ಧತಿ (ಗ್ರಹಿಸು, ನೆನಪಿಸಿಕೊ, ಯೋಜಿಸು, ಮಾಡು ಎಂಬುವುಗಳ ಇಂಗ್ಲಿಷ್ ಮೊದಲಕ್ಷರಗಳು) ಇಲ್ಲಿ ನೆರವಿಗೆ ಬರುತ್ತದೆ. ಮಗುವಿಗೆ ರೂಢಿಯಿರುವ ಕೆಲಸವನ್ನೇ ಆರಿಸಿ ಹೆಜ್ಜೆಗಳಾಗಿ ಬಿಡಿಸುವುದು ಮೊದಲ ಹಂತ. ನಮ್ಮ ತಾಟಿಗೆ ಹತ್ತು ಹೆಜ್ಜೆ ಹಾಕಬಹುದು: ಕೈ ತೊಳೆಯುವುದು, ತಾಟು ತೆಗೆಯುವುದು, ಬುಟ್ಟಿಯ ಮುಚ್ಚಳ ಸರಿಸುವುದು, ಒಂದೇ ರೊಟ್ಟಿ ಎತ್ತುವುದು, ಪಲ್ಯ ಹಾಕಿಕೊಳ್ಳುವುದು, ಡಬ್ಬಿ ತೆರೆದು ಶೇಂಗಾ ಹಿಂಡಿ ಹಾಕಿಕೊಳ್ಳುವುದು, ಅದರ ಮೇಲೆ ಮೊಸರು, ತಂಬಿಗೆಗೆ ನೀರು, ತಾಟು ಚೆಲ್ಲದಂತೆ ಒಯ್ಯುವುದು, ನೆಲಕ್ಕೆ ಕೂರುವುದು. ಪ್ರತಿ ಹೆಜ್ಜೆಯಲ್ಲೂ ನಾಲ್ಕು ಬಗೆಯ ತಪ್ಪು ಹುಡುಕಬೇಕು: ಬಿಟ್ಟದ್ದು, ಮಾಡಿದ್ದನ್ನೇ ಮಾಡಿದ್ದು, ಕೆಡಿಸಿದ್ದು, ಹೊತ್ತು ತಪ್ಪಿದ್ದು. ಹತ್ತರಲ್ಲಿ ನಾಲ್ಕು ಹೆಜ್ಜೆ ತಪ್ಪಿದರೆ ಸರಿಯಾದದ್ದು 60%. ಎರಡನೆಯ ಹಂತದಲ್ಲಿ ಆ ತಪ್ಪು ಗ್ರಹಿಸುವುದರಲ್ಲೋ, ನೆನಪಿನಲ್ಲೋ, ಯೋಜನೆಯಲ್ಲೋ, ಮಾಡುವುದರಲ್ಲೋ ಎಂದು ನೋಡುತ್ತಾರೆ. (ಫಿನೈಲ್‌ಕೀಟೋನೂರಿಯಾ ಇರುವ, ಅಂದರೆ ಪ್ರೋಟೀನಿನ ಒಂದು ಅಂಶವನ್ನು ಒಡೆಯಲಾಗದ, ಮಗುವಿಗೆ ಹಿಂಡಿ, ಮೊಸರು ಎರಡೂ ಪಥ್ಯದ ಹೊರಗಿನವು. ಅಂಥ ಮಗುವಿಗೆ ಬೇರೆ ಕೆಲಸವನ್ನೇ ಆರಿಸಬೇಕು.)

ತಪ್ಪುಗಳು ಎಲ್ಲಿ ಗುಂಪಾಗುತ್ತವೆ ಎಂಬುದೇ ಕುತೂಹಲದ ಸಂಗತಿ. ಎಂಪಿಎಸ್ (ಮ್ಯೂಕೊಪಾಲಿಸ್ಯಾಕರಿಡೋಸಿಸ್) ಎಂಬ ಕಾಯಿಲೆಯ ಮೊದಲ ಬಗೆಯಲ್ಲಿ ಒಡೆಯಬೇಕಾದ ಸಕ್ಕರೆ ಸರಪಳಿಗಳು ಜೀವಕೋಶಗಳಲ್ಲಿ ಉಳಿದು ಕೀಲುಗಳು ಬಿಗಿಯುತ್ತವೆ, ಬೆರಳು ಕೊಕ್ಕೆಯಾಗುತ್ತವೆ, ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳಿನ ತುದಿ ಜೋಮು ಹಿಡಿಯುತ್ತದೆ. ಆ ಮಗು ಡಬ್ಬಿಯ ಮುಚ್ಚಳದಲ್ಲಿ, ಎತ್ತರದ ಬುಟ್ಟಿಯಲ್ಲಿ, ಚಕ್ಕಳಮಕ್ಕಳ ಹಾಕುವುದರಲ್ಲಿ ಸೋಲುತ್ತದೆ. ಹೆಜ್ಜೆಗಳ ಸರದಿ ಮಾತ್ರ ಸರಿಯಾಗಿಯೇ ಇರಬಹುದು. ಮೈಟೊಕಾಂಡ್ರಿಯಾದ ಕಾಯಿಲೆಯಲ್ಲಿ ಜೀವಕೋಶಕ್ಕೆ ಶಕ್ತಿಯೇ ಸಾಲದು. ಮೊದಲ ಐದು ಹೆಜ್ಜೆ ಸಲೀಸು, ಆಮೇಲೆ ಕೈ ನಿಧಾನ, ತಾಟು ಓರೆ. ಒಂದೇ ಸಲ ನೋಡಿದರೆ ಇದು ಕಣ್ತಪ್ಪುತ್ತದೆ. ಹಾಗಾಗಿ ಬೆಳಗ್ಗೆ ಒಮ್ಮೆ, ಶಾಲೆಯಿಂದ ಬಂದ ಮೇಲೆ ಇನ್ನೊಮ್ಮೆ ನೋಡಬೇಕು. ಚಿಕಿತ್ಸೆ ತಡವಾದ ಫಿನೈಲ್‌ಕೀಟೋನೂರಿಯಾದಲ್ಲಿ ಕೈಗೆ ಬಲವಿದ್ದರೂ ಹೆಜ್ಜೆಗಳು ಹಿಂದುಮುಂದಾಗಬಹುದು.

ಅಳೆಯುವವರೇ ಕೆಡಿಸುವುದೂ ಉಂಟು. ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರಿಗೆ ಬಂದ ಮಗುವನ್ನು ಬೆಳಗ್ಗೆಯೇ ಪರೀಕ್ಷೆಗೆ ಕೂರಿಸಿದರೆ ಅಳೆದದ್ದು ಪ್ರಯಾಣದ ದಣಿವನ್ನು. ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆ) ಸಂಗ್ರಹದ ಮೊದಲ ಬಗೆಯ ಕಾಯಿಲೆಯಲ್ಲಿ ಹಸಿದರೆ ರಕ್ತದ ಸಕ್ಕರೆ ಇಳಿಯುವುದರಿಂದ ಕೊನೆಯ ಊಟ ಅಥವಾ ಬೇಯಿಸದ ಮೆಕ್ಕೆಜೋಳದ ಪಿಷ್ಟ ಕೊಟ್ಟ ಹೊತ್ತನ್ನು ಕಾಗದದ ತಲೆಯಲ್ಲಿ ಬರೆಯಲೇಬೇಕು. ಮಗು ಬೆವತು ಬಿಳಿಚಿಕೊಂಡರೆ ಪರೀಕ್ಷೆ ನಿಲ್ಲಿಸಿ ಮೊದಲು ರಕ್ತದ ಸಕ್ಕರೆ ನೋಡಬೇಕು. ಇವೆಲ್ಲಕ್ಕಿಂತ ಹೆಚ್ಚು ಕೆಡಿಸುವುದು ಅವ್ವನ ಕೈ. ಮಗು ತಡವರಿಸುವ ಮೊದಲೇ ಮುಚ್ಚಳ ತೆರೆದಿರುತ್ತಾಳೆ. ಆ ಹೆಜ್ಜೆಯೇ ಲೆಕ್ಕದಿಂದ ಮಾಯ. ಹತ್ತು ಸೆಕೆಂಡು ಸುಮ್ಮನಿರಿ, ಅಪಾಯ ಕಂಡರೆ ಮಾತ್ರ ಕೈ ಹಾಕಿ, ಹಾಕಿದ್ದನ್ನು ಬರೆದುಕೊಳ್ಳಿ.

ಮನೆಯಲ್ಲಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೆ ಎಷ್ಟೋ ಅನುಕೂಲ. ಮಗುವಿನ ಪಕ್ಕದಿಂದ, ಸೊಂಟದ ಎತ್ತರದಲ್ಲಿ ಫೋನ್ ಹಿಡಿಯಿರಿ. ಕೈ ಮತ್ತು ಮುಖ ಎರಡೂ ಕಾಣಲಿ, ಕಿಟಕಿ ನಿಮ್ಮ ಬೆನ್ನಿಗಿರಲಿ, ಯಾರೂ ಹೇಳಿಕೊಡಬಾರದು.

ಎಂಪಿಎಸ್ ಮೊದಲ ಬಗೆಗೆ ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಕಿಣ್ವ ಮಿದುಳಿಗೆ ದಾಟುವುದಿಲ್ಲ. ಹೀಗಾಗಿ ಚಿಕಿತ್ಸೆಯ ನಂತರ ನಡಿಗೆ ಸುಧಾರಿಸಿ, ಯೋಜನೆಯ ತಪ್ಪುಗಳು ಹಾಗೇ ಉಳಿದರೆ ಅಚ್ಚರಿಯಿಲ್ಲ. ಆರು ತಿಂಗಳಿಗೆ ಮತ್ತೆ ಅಳೆಯುವಾಗ ಅದೇ ತಾಟು, ಅದೇ ಡಬ್ಬಿ, ಅದೇ ಹೊತ್ತು ಇರಲಿ. ನಡುವೆ ರೊಟ್ಟಿ ಬುಟ್ಟಿಯನ್ನು ಕೆಳಗಿಳಿಸಿದ್ದರೆ, ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದರೆ ಅದನ್ನೂ ಬರೆಯಿರಿ. ಇಲ್ಲದಿದ್ದರೆ ಬುಟ್ಟಿ ಇಳಿಸಿದ ಪುಣ್ಯವೆಲ್ಲ ಔಷಧಿಯ ಖಾತೆಗೆ ಜಮೆಯಾಗುತ್ತದೆ.